1924ರ ಎವರೆಸ್ಟ್ ಚಿತ್ರ: ಕ್ಯಾಮೆರಾ ಹೋಗದ ಜಾಗವನ್ನು ಸಾಕ್ಷ್ಯಚಿತ್ರ ಹೇಗೆ ತೋರಿಸಬೇಕು?

ಹಿಮದಾರಿ:

ಗೆಳೆಯರೇ, ಜಾನ್ ನೋಯೆಲ್ ತೆಗೆದ ‘ದಿ ಎಪಿಕ್ ಆಫ್ ಎವರೆಸ್ಟ್’ ಮೂಕಿ ಚಿತ್ರವನ್ನು ಇಲ್ಲಿ ಯಾರ್ಯಾರು ನೋಡಿದ್ದೀರಿ? 1924ರ ಬ್ರಿಟಿಷ್ ಯಾತ್ರೆಯ ಚಿತ್ರ. ಮ್ಯಾಲೊರಿ ಮತ್ತು ಅರ್ವಿನ್ ಮೇಲೆ ಹೋದವರು ತಿರುಗಿ ಬರಲಿಲ್ಲವಲ್ಲ, ಅದೇ ಯಾತ್ರೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಇದನ್ನು ದುರಸ್ತಿ ಮಾಡಿ, ಆ ಕಾಲದ ಬಣ್ಣದ ಛಾಯೆಗಳನ್ನೂ ಮರಳಿ ತಂದು 2013ರಲ್ಲಿ ಬಿಡುಗಡೆ ಮಾಡಿದರು.

ನನ್ನನ್ನು ಹಿಡಿದು ಕೂರಿಸಿದ್ದು ಕೊನೆಯ ಭಾಗ. ಅಷ್ಟು ಹೊತ್ತಿಗೆ ಆರೋಹಿಗಳು ಮನುಷ್ಯರ ಹಾಗೆ ಕಾಣುವುದೇ ಇಲ್ಲ. ಬಿಳಿ ಇಳಿಜಾರಿನ ಮೇಲೆ ಒಂದೆರಡು ಕಪ್ಪು ಚುಕ್ಕಿ, ಅಷ್ಟೇ. ಚುಕ್ಕಿ ಸರಿಯುತ್ತಿದೆಯೋ ನಿಂತಿದೆಯೋ ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ನೋಯೆಲ್ ಸುಮಾರು 22,000 ಅಡಿ ಎತ್ತರದಲ್ಲಿ ಕ್ಯಾಮೆರಾ ಊರಿ, 20 ಇಂಚಿನ ಟೆಲಿಫೋಟೋ ಲೆನ್ಸ್‌ನಲ್ಲಿ ಮೈಲಿಗಟ್ಟಲೆ ದೂರದವರನ್ನು ಹಿಡಿದಿದ್ದಾರೆ. ಅದಕ್ಕಿಂತ ಹತ್ತಿರ ಹೋಗಲು ಅವರಿಂದ ಆಗುತ್ತಿರಲಿಲ್ಲ.

1924ರ ಜೂನ್ 8, ಮಧ್ಯಾಹ್ನ 12.50. ಮೋಡ ಸ್ವಲ್ಪ ಸರಿದಾಗ ನೋಯೆಲ್ ಓಡೆಲ್ ಎಂಬ ಸಹ ಆರೋಹಿಗೆ ಅವರಿಬ್ಬರೂ ಕೊನೆಯ ಬಾರಿ ಕಂಡರು. (ಹೆಸರು ಒಂದೇ ಥರ ಇದೆ. ಜಾನ್ ನೋಯೆಲ್ ಬೇರೆ, ಈ ಓಡೆಲ್ ಬೇರೆ.) ಆ ನೋಟ ಫಿಲ್ಮಿನಲ್ಲಿ ಇಲ್ಲ. ಫಿಲ್ಮಿನಲ್ಲಿ ಇರುವುದು ಕಂಬಳಿಗಳು. ಎರಡು ಶಿಖರಗಳ ನಡುವಿನ ತಗ್ಗಾದ ನಾರ್ತ್ ಕೋಲ್‌ನ ಶಿಬಿರದಲ್ಲಿದ್ದವರು ಹಿಮದ ಮೇಲೆ ಆರು ಕಂಬಳಿಗಳನ್ನು ಶಿಲುಬೆಯಾಕಾರದಲ್ಲಿ ಹಾಸುತ್ತಾರೆ. ಕೆಳಗೆ ಕಾಯುತ್ತಿದ್ದವರಿಗೆ ಅದು ಸಂಕೇತ: ಸುಳಿವು ಸಿಗಲಿಲ್ಲ, ಆಸೆ ಬಿಟ್ಟಿದ್ದೇವೆ. ಟೆಲಿಫೋಟೋದಲ್ಲಿ ಕಂಡದ್ದು ಇಷ್ಟೇ. ಇಷ್ಟನ್ನೇ ತೋರಿಸಿ ಚಿತ್ರ ಮುಂದೆ ಹೋಗುತ್ತದೆ.

ಈಗಿನ ಪರ್ವತಾರೋಹಣದ ಸಾಕ್ಷ್ಯಚಿತ್ರಗಳಲ್ಲಿ ಈ ಜಾಗಕ್ಕೆ ನಟರು ಬರುತ್ತಾರೆ. ಗಡ್ಡಕ್ಕೆ ಮಂಜು ಹಚ್ಚಿರುತ್ತಾರೆ. ಏದುಸಿರಿನ ಸದ್ದು, ಜಾರುವ ಕಾಲು, ಕಪ್ಪು ಪರದೆ. ನನಗೆ ಇದು ಸರಿ ಅನಿಸುವುದಿಲ್ಲ. ಕ್ಯಾಮೆರಾ ಹೋಗದ ಜಾಗವನ್ನು ಖಾಲಿಯಾಗಿಯೇ ಬಿಡಬೇಕು, ಖಾಲಿ ಇದೆ ಅಂತ ಹೇಳಲೂಬೇಕು ಅನ್ನುವುದು ನನ್ನ ಮಾತು. ನೀವೇನಂತೀರಿ?

ಎಡಿಟ್_ಮೇಜು:

ಸರ್, ಸಂಕಲನದ ಕೆಲಸ ಮಾಡುವವನಾಗಿ ನಾನು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ನೋಯೆಲ್‌ಗೆ ಒಂದು ಅನುಕೂಲ ಇತ್ತು. 1924ರ ಡಿಸೆಂಬರ್‌ನಲ್ಲಿ ಲಂಡನ್‌ನ ಸ್ಕಾಲಾ ಥಿಯೇಟರ್‌ನಲ್ಲಿ ಚಿತ್ರ ಬಂದಾಗ ನೋಡುವವರಿಗೆಲ್ಲ ಕಥೆ ಗೊತ್ತಿತ್ತು. ಪತ್ರಿಕೆಗಳಲ್ಲಿ ಓದಿದ್ದರು, ದುಃಖವೂ ಹಸಿಯಾಗಿತ್ತು. ಚುಕ್ಕಿ ತೋರಿಸಿದರೂ ಅದು ಯಾರೆಂದು ಅವರಿಗೆ ತಿಳಿಯುತ್ತಿತ್ತು. ಇವತ್ತಿನ ಪ್ರೇಕ್ಷಕರಿಗೆ ಮ್ಯಾಲೊರಿ ಯಾರು, ಆ ಗಬರ್ಡೀನ್ ಕೋಟು ಹಾಕಿಕೊಂಡು 28,000 ಅಡಿಯಲ್ಲಿ ನಿಂತರೆ ಹೇಗಿರುತ್ತದೆ ಅನ್ನುವುದನ್ನೆಲ್ಲ ಮೊದಲಿನಿಂದ ಹೇಳಬೇಕು.

ಮರುಸೃಷ್ಟಿ ಅಂದರೆಲ್ಲಾ ಒಂದೇ ಅಲ್ಲ. 2010ರ ‘ದಿ ವೈಲ್ಡೆಸ್ಟ್ ಡ್ರೀಮ್’ ನೋಡಿ. ಕಾನ್ರಾಡ್ ಆಂಕರ್ ಮತ್ತು ಲಿಯೋ ಹೋಲ್ಡಿಂಗ್ ಎಂಬ ಈಗಿನ ಆರೋಹಿಗಳು 1924ರ ಮಾದರಿಯ ಬಟ್ಟೆ, ಬೂಟು ಹಾಕಿ ನೋಡಿದರು. ‘ಸೆಕೆಂಡ್ ಸ್ಟೆಪ್’ ಎಂಬ ಕಡಿದಾದ ಬಂಡೆಗೆ ಚೀನಾದವರು 1975ರಲ್ಲಿ ಏಣಿ ಕಟ್ಟಿದ್ದಾರೆ. ಆ ಏಣಿಯನ್ನು ಸ್ವಲ್ಪ ಹೊತ್ತು ತೆಗೆಸಿ, ಕೈಕಾಲು ಊರಿಕೊಂಡೇ ಹತ್ತಿದರು. ಅದರಲ್ಲಿ ಯಾರೂ ಮ್ಯಾಲೊರಿಯ ಪಾತ್ರ ಮಾಡುತ್ತಿಲ್ಲ. ‘ಆಗ ಇದು ಸಾಧ್ಯವಿತ್ತಾ?’ ಅಂತ ಮೈಯೊಡ್ಡಿ ಕೇಳುತ್ತಿದ್ದಾರೆ. ಅದೇ ಚಿತ್ರದಲ್ಲಿ ಬೇರೆ ಮರುಸೃಷ್ಟಿಯೂ ಇದೆ, ಅದು ನನಗೂ ಅಷ್ಟು ರುಚಿಸಲಿಲ್ಲ. ಆದರೆ ಈ ಏಣಿ ತೆಗೆದ ಭಾಗ ಯಾವ ಆರ್ಕೈವ್ ಫುಟೇಜಿಗೂ ಕಡಿಮೆ ಇಲ್ಲ.

ಹಿಮದಾರಿ:

ಒಪ್ಪಿದೆ. ಪ್ರಯೋಗ ಬೇರೆ, ವೇಷ ಬೇರೆ. ಆಂಕರ್ ಬಂಡೆಗೆ ಕೈ ಹಾಕಿದಾಗ ನಾವು ನೋಡುವುದು ಆಂಕರ್ ಅವರ ಕೈ. ನಟ ಜಾರಿ ಬಿದ್ದಾಗ ಮಾತ್ರ ನಾವು ಅರ್ವಿನ್ ಬಿದ್ದದ್ದನ್ನು ನೋಡಿದೆವು ಅಂದುಕೊಳ್ಳುತ್ತೇವೆ. ಹೇಗೆ ಸತ್ತರು ಅಂತ ಯಾರೂ ನೋಡಿಲ್ಲ. ಒಮ್ಮೆ ಹಾಗೆ ತೋರಿಸಿದ ಮೇಲೆ ನೋಡಿದವರ ತಲೆಯಿಂದ ಅದು ಹೋಗುವುದಿಲ್ಲ.

ಕ್ಯಾಮೆರಾ_ಕಣ್ಣು:

ನೀತಿಯ ಮಾತು ನಡೆಯಲಿ. ನಾನು ಸ್ವಲ್ಪ ಯಂತ್ರದ ವಿಷಯ ಹೇಳುತ್ತೇನೆ, ಯಾಕೆಂದರೆ ಚುಕ್ಕಿ ಯಾಕೆ ಚುಕ್ಕಿಯಾಗಿಯೇ ಉಳಿಯಿತು ಅನ್ನುವುದು ಅದರಲ್ಲೇ ಇದೆ.

ನೋಯೆಲ್ ಬಳಿ ಇದ್ದದ್ದು ನ್ಯೂಮನ್-ಸಿಂಕ್ಲೇರ್ 35 ಎಂಎಂ ಕ್ಯಾಮೆರಾ. ಹಗುರವಾಗಲೆಂದು ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಮೈ. ಟೆಲಿಫೋಟೋ ಲೆನ್ಸ್‌ನಲ್ಲಿ ಅಷ್ಟು ದೂರದವರನ್ನು ಹುಡುಕುವುದೇ ಕಷ್ಟ. ಅದಕ್ಕೆ ಪಕ್ಕದಲ್ಲೊಂದು ಸಣ್ಣ ದೂರದರ್ಶಕವನ್ನು ಲೆನ್ಸ್‌ನ ನೇರಕ್ಕೆ ಕೂರಿಸಿಕೊಂಡಿದ್ದರು. ಹಿಮದಲ್ಲಿ ಬರಿ ಲೋಹಕ್ಕೆ ಮುಖ ತಾಗಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ, ಅದಕ್ಕೂ ರಬ್ಬರ್ ಹೊದಿಕೆ. ಕ್ಯಾಮೆರಾ ಹೊತ್ತು, ಬೇಗ ಜೋಡಿಸಿ ಕೊಡಲು ಪೋರ್ಟರ್‌ಗಳಿಗೆ ಬೇರೆಯಾಗಿ ತರಬೇತಿ ಕೊಟ್ಟಿದ್ದರು.

1922ರ ಯಾತ್ರೆಯಲ್ಲಿ ಅವರು ಫಿಲ್ಮನ್ನು ಬೆಟ್ಟದ ಬುಡದ ಟೆಂಟಿನಲ್ಲೇ ತೊಳೆದರು. ಒಣಗಿಸಲು ಯಾಕ್ ಸಗಣಿಯ ಬೆಂಕಿ. ಹೊರಗೆ ಗಾಳಿ ಬೀಸಿದರೆ ಟಿಬೆಟಿನ ಧೂಳೆಲ್ಲ ಒಳಗೆ. ಒದ್ದೆ ಫಿಲ್ಮಿಗೆ ಒಂದು ಕಣ ಕೂತರೂ ಪರದೆ ಮೇಲೆ ಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಆ ಕಷ್ಟ ನೋಡಿ 1924ರಲ್ಲಿ ಬೇರೆ ವ್ಯವಸ್ಥೆ ಮಾಡಿದರು. ಡಾರ್ಜಿಲಿಂಗ್‌ನಲ್ಲಿ ಲ್ಯಾಬ್. ರೀಲುಗಳನ್ನು ಓಟಗಾರರು ಟಿಬೆಟ್ ದಾಟಿಸಿ ಅಲ್ಲಿಗೆ ತಲುಪಿಸುತ್ತಿದ್ದರು. ಅಂದರೆ ನೋಯೆಲ್ ತಾನು ತೆಗೆದದ್ದು ಬಂತೋ ಇಲ್ಲವೋ ನೋಡದೆ ವಾರಗಟ್ಟಲೆ ಚಿತ್ರೀಕರಿಸುತ್ತಾ ಹೋಗಬೇಕಿತ್ತು.

ನಾನು ಚಳಿಗಾಲದಲ್ಲಿ ಉತ್ತರಾಖಂಡದ ಕಡೆ ಟ್ರೆಕ್ ಚಿತ್ರೀಕರಣಕ್ಕೆ ಹೋಗುತ್ತಿರುತ್ತೇನೆ. ಬ್ಯಾಟರಿಗಳನ್ನು ಒಳಗಿನ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳದಿದ್ದರೆ ತುಂಬಿದ ಬ್ಯಾಟರಿಯೂ ನೋಡನೋಡುತ್ತಿದ್ದಂತೆ ಕೈಕೊಡುತ್ತದೆ. ಸಂಜೆ ಕ್ಯಾಮೆರಾವನ್ನು ಹೊರಗಿಂದ ನೇರ ಬೆಚ್ಚಗಿನ ಟೆಂಟಿಗೆ ತಂದರೆ ಲೆನ್ಸ್ ಒಳಗೆಲ್ಲ ಬೆವರು. ಬ್ಯಾಗಿನ ಜಿಪ್ ಮುಚ್ಚಿ ಹಾಗೇ ಬಿಟ್ಟು, ನಿಧಾನಕ್ಕೆ ಬೆಚ್ಚಗಾಗಲು ಬಿಡಬೇಕು. ವ್ಯೂಫೈಂಡರ್‌ಗೆ ಕಣ್ಣಿಟ್ಟಾಗ ಉಸಿರು ಪಕ್ಕಕ್ಕೆ ಬಿಡಬೇಕು, ಇಲ್ಲದಿದ್ದರೆ ಗಾಜಿನ ಮೇಲೆ ಮಂಜುಗಟ್ಟುತ್ತದೆ. ಇದೆಲ್ಲ 14,000 ಅಡಿಯ ಮಾತು. ಅವರು 22,000 ಅಡಿಯಲ್ಲಿ ಕೂತು ಫೋಕಸ್ ಹಿಡಿದಿದ್ದಾರೆ.

ಇನ್ನೊಂದು. ಅದರಲ್ಲಿ ಮೋಡಗಳೂ ನೆರಳುಗಳೂ ಬೆಟ್ಟದ ಮೇಲೆ ಸರಸರ ಓಡುವ ದೃಶ್ಯಗಳಿವೆ, ನೋಡಿದ್ದೀರಾ? ಫ್ರೇಮ್ ಫ್ರೇಮ್ ಬಿಟ್ಟು ತೆಗೆದದ್ದು. ಈಗ ನಾವು ಟೈಮ್‌ಲ್ಯಾಪ್ಸ್ ಅಂತ ಫೋನಿನಲ್ಲಿ ಒಂದು ಗುಂಡಿ ಒತ್ತುತ್ತೇವಲ್ಲ, ಅದೇ.

ಸಹ್ಯಾದ್ರಿ_ಅಲೆಮಾರಿ:

ಖಾಲಿ ಜಾಗದ ಮಾತು ಬಂತು. ನನ್ನ ಪ್ರಕಾರ ಈ ಚಿತ್ರದಲ್ಲಿ ಇನ್ನೊಂದು ಖಾಲಿ ಇದೆ, ಅದು ತುದಿಯಲ್ಲಿ ಇಲ್ಲ. ಅದು ಪ್ರತಿ ಫ್ರೇಮಿನಲ್ಲೂ ಇದೆ. ಹೊರೆ ಹೊತ್ತವರು.

ಕಣ್ಣಿಗೆ ಕಾಣುತ್ತಾರೆ. ಸಾಲು ಸಾಲಾಗಿ ಬರುತ್ತಾರೆ, ಹೆಂಗಸರೂ ಹೊರೆ ಹೊತ್ತಿದ್ದಾರೆ. ಆದರೆ ಚಿತ್ರ ಅವರನ್ನು ‘ಪೋರ್ಟರ್‌ಗಳು’ ಎಂಬ ಒಂದೇ ಗುಂಪಾಗಿ ನೋಡುತ್ತದೆ. 1922ರಲ್ಲಿ ನಾರ್ತ್ ಕೋಲ್ ಕೆಳಗೆ ಹಿಮಕುಸಿತವಾಗಿ 7 ಪೋರ್ಟರ್‌ಗಳು ಸತ್ತರು. ಜೂನ್ 7ರಂದು. ಸತ್ತವರಲ್ಲಿ ಒಬ್ಬ ಬ್ರಿಟಿಷ್ ಆರೋಹಿಯೂ ಇರಲಿಲ್ಲ. 1924ರಲ್ಲಿ ಮ್ಯಾಲೊರಿ, ಅರ್ವಿನ್‌ಗಿಂತ ಮೊದಲೇ ಇಬ್ಬರು ಹೋಗಿದ್ದರು. ಗೂರ್ಖಾ ಸೈನಿಕ ಶಂಶೇರ್, ಮತ್ತು ಬೂಟು ರಿಪೇರಿ ಮಾಡುತ್ತಿದ್ದ ಮನ್‌ಬಹಾದುರ್. ಮನ್‌ಬಹಾದುರ್‌ಗೆ ಎರಡೂ ಪಾದ ಹಿಮಕ್ಕೆ ಸತ್ತುಹೋಗಿದ್ದವು.

ಜೂನ್ 4ರಂದು ಯಾತ್ರೆಯ ನಾಯಕ ನಾರ್ಟನ್ ಆಮ್ಲಜನಕವಿಲ್ಲದೆ 28,126 ಅಡಿ ತಲುಪಿದರು. ಆಮ್ಲಜನಕವಿಲ್ಲದೆ ಆ ಎತ್ತರವನ್ನು ಸ್ಪಷ್ಟವಾಗಿ ಮೀರಿದ್ದು 1978ರಲ್ಲಿ, ಮೆಸ್ನರ್ ಮತ್ತು ಹಾಬೆಲರ್ ಶಿಖರ ಮುಟ್ಟಿದಾಗ. ಈ ದಾಖಲೆ ಎಲ್ಲರೂ ಹೇಳುತ್ತಾರೆ. ಆದರೆ ನಾರ್ಟನ್ ಹಿಂದಿನ ರಾತ್ರಿ ಮಲಗಿದ ಟೆಂಟನ್ನು ಸುಮಾರು 26,800 ಅಡಿಗೆ ಹೊತ್ತು ತಂದವರು ನೊರ್ಬು ಯಿಷೆ, ಲಾಕ್ಪಾ ಚೇದಿ, ಸೆಮ್‌ಚುಂಬಿ ಎಂಬ ಮೂವರು. ಅವರೂ ಆಮ್ಲಜನಕವಿಲ್ಲದೆಯೇ ಹೋದವರು. ಹೊರೆ ಇಳಿಸಿ ಅವತ್ತೇ ಕೆಳಗಿಳಿದರು. ನಾರ್ಟನ್ ತಮ್ಮ ಬರವಣಿಗೆಯಲ್ಲಿ ಈ ಹೆಸರುಗಳನ್ನು ಉಳಿಸಿದ್ದಾರೆ. ಹಾಗಾಗಿ ಹೆಸರು ಗೊತ್ತಿರಲಿಲ್ಲ ಅನ್ನುವ ನೆಪ ಈಗಿನವರಿಗೆ ಇಲ್ಲ.

ಹಿಮದಾರಿ:

ಸರಿಯಾಗಿ ಹೇಳಿದಿರಿ. ಇದಕ್ಕೊಂದು ಸೇರಿಸಬೇಕು. ಯಾತ್ರೆ ಮುಗಿಸಿ ಹೊರಡುವ ಮುಂಚೆ ಬೇಸ್ ಕ್ಯಾಂಪಿನಲ್ಲಿ ಕಲ್ಲಿನ ಗುಡ್ಡೆ ಕಟ್ಟಿ ಮೂರೂ ಯಾತ್ರೆಗಳಲ್ಲಿ ಸತ್ತವರ ಹೆಸರು ಕೆತ್ತಿದರು. ಅದರಲ್ಲಿ 1921ರ ಕೆಲ್ಲಾಸ್ ಇದ್ದಾರೆ, 1922ರ ಏಳೂ ಜನ ಇದ್ದಾರೆ, ಮ್ಯಾಲೊರಿ, ಅರ್ವಿನ್ ಜೊತೆಗೆ ಶಂಶೇರ್, ಮನ್‌ಬಹಾದುರ್ ಕೂಡ ಇದ್ದಾರೆ. ಒಂದೇ ಕಲ್ಲಿನ ರಾಶಿಯ ಮೇಲೆ ಎಲ್ಲರೂ. ಅದೇ ಜನ, ಅದೇ ದಿನಗಳಲ್ಲಿ ಮಾಡಿದ ಕೆಲಸ. ಕಲ್ಲಿನಲ್ಲಿ ಬಂದ ಹೆಸರುಗಳಿಗೆ ನಂತರದ ಚಿತ್ರಗಳಲ್ಲಿ ಎಷ್ಟು ಜಾಗ ಸಿಕ್ಕಿತು ಅಂತ ನೋಡಿದರೆ ಬೇಜಾರಾಗುತ್ತದೆ.

ಅದನ್ನು ಕಟ್ಟಿದವರಲ್ಲಿ ಒಬ್ಬರು ಹೊವರ್ಡ್ ಸೊಮರ್‌ವೆಲ್. ನಾರ್ಟನ್ ಜೊತೆ ಹತ್ತಿದ ವೈದ್ಯ. 1922ರ ಯಾತ್ರೆ ಮುಗಿಸಿ ಭಾರತ ಸುತ್ತುವಾಗ ಆಗಿನ ತಿರುವಾಂಕೂರಿನ ನೆಯ್ಯೂರ್ ಆಸ್ಪತ್ರೆ ನೋಡಿದರು. ರೋಗಿಗಳ ಸಾಲು ನೋಡಿ ಲಂಡನ್ನಿನ ಕೆಲಸ ಬೇಡವೆಂದು ಅಲ್ಲಿಗೇ ಬಂದುಬಿಟ್ಟರು. ಎವರೆಸ್ಟ್ ಕಥೆಯ ಒಂದು ತುಂಡು ನಮ್ಮ ದಕ್ಷಿಣದಲ್ಲೇ ಇದೆ. ಆ ಮನುಷ್ಯನ ಬಗ್ಗೆ ಒಳ್ಳೆಯ ಸಾಕ್ಷ್ಯಚಿತ್ರ ಬರಬೇಕು.

ಥೇಮ್ಸ್_ಕನ್ನಡತಿ:

ನಾನು ಲಂಡನ್‌ನಲ್ಲಿರುವುದು. ದುರಸ್ತಿಯಾದ ಪ್ರತಿಯನ್ನು ಇಲ್ಲಿ ದೊಡ್ಡ ಪರದೆಯಲ್ಲೇ ನೋಡಿದೆ. ಬೆಟ್ಟದ ದೃಶ್ಯಗಳ ಬಗ್ಗೆ ನೀವೆಲ್ಲ ಹೇಳಿದ್ದು ನಿಜ. ಆದರೆ ಮೊದಲ ಅರ್ಧ ನೋಡುವಾಗ ನನಗೆ ಕಸಿವಿಸಿಯಾಯಿತು. ಟಿಬೆಟಿನ ಫಾರಿ ಊರಿನ ಜನರನ್ನು ತೋರಿಸುತ್ತಾ ಅವರ ಕೊಳಕಿನ ಬಗ್ಗೆ ಬರುವ ಬರಹಗಳು! ಆ ಮುಖಗಳು ಎಷ್ಟು ಚೆಂದ ಬಂದಿವೆ, ಕ್ಯಾಮೆರಾಗೆ ನಗುತ್ತಾರೆ. ಅವರು ನಕ್ಕದ್ದು ಅತಿಥಿಯನ್ನು ನೋಡಿ. ಪರದೆ ಮೇಲಿನ ಬರಹ ಆ ನಗೆಗೆ ಮಾಡಿದ ಅನ್ಯಾಯ.

ಅದಕ್ಕೆ ಬೆಲೆ ತೆರಬೇಕಾಯಿತು. ಹೇನು ಹೆಕ್ಕಿ ಹಲ್ಲಲ್ಲಿ ಕಡಿಯುವ ಒಂದು ದೃಶ್ಯದ ಬಗ್ಗೆ ಟಿಬೆಟಿನವರಿಗೆ ಸಿಟ್ಟು ಬಂತು. ಅದರ ಮೇಲೆ, ಚಿತ್ರದ ಪ್ರದರ್ಶನಕ್ಕೆ ಮುಂಚೆ ವೇದಿಕೆಯಲ್ಲಿ ಕುಣಿಸಲು ಗ್ಯಾಂಟ್ಸೆಯ ಕಡೆಯಿಂದ 7 ಲಾಮಾಗಳನ್ನು ಲಂಡನ್‌ಗೆ ಕರೆತಂದಿದ್ದರು. ಲ್ಹಾಸಾದ ಅನುಮತಿ ಇರಲಿಲ್ಲ. ಮಠದ ಪೂಜೆಯ ಕುಣಿತವನ್ನು ಟಿಕೆಟ್ ಇಟ್ಟು ತೋರಿಸಿದ ಹಾಗಾಯಿತು. ಟಿಬೆಟ್ ಸರ್ಕಾರ ಅವರನ್ನು ವಾಪಸ್ ಕಳಿಸಿ ಅಂತ ಪಟ್ಟು ಹಿಡಿಯಿತು. ಯಾತ್ರೆಯ ಹಜಾರ್ಡ್ ಎಂಬವರು ಅನುಮತಿಯಿಲ್ಲದ ಕಡೆ ಸರ್ವೆಗೆ ಹೋದದ್ದೂ ಇದಕ್ಕೆ ಸೇರಿತು. ಮುಂದಿನ ಬ್ರಿಟಿಷ್ ಎವರೆಸ್ಟ್ ಯಾತ್ರೆಗೆ ದಾರಿ ತೆರೆದದ್ದು 1933ರಲ್ಲಿ.

ಇದಕ್ಕೆಲ್ಲ ಮೂಲ ದುಡ್ಡು ಅಂತ ನನಗನಿಸುತ್ತದೆ. ನೋಯೆಲ್ ಒಂದು ಕಂಪನಿ ಕಟ್ಟಿ, ಯಾತ್ರೆಯ ಫೋಟೋ ಮತ್ತು ಸಿನಿಮಾ ಹಕ್ಕಿಗೆ 8,000 ಪೌಂಡ್ ಕೊಟ್ಟಿದ್ದರು. ಆ ಕಾಲಕ್ಕೆ ಭಾರೀ ಮೊತ್ತ. ಯಾತ್ರೆಯ ಖರ್ಚಿನ ದೊಡ್ಡ ಪಾಲು ಅದರಿಂದಲೇ ಹೋಯಿತು. ಪ್ರಚಾರಕ್ಕೆಂದು ನೀಲಿ ಬಣ್ಣದ ಎವರೆಸ್ಟ್ ಸ್ಟಾಂಪ್ ಚೀಟಿ ಮಾಡಿ, ಶಾಲಾ ಮಕ್ಕಳಿಗೆ ಟಿಬೆಟಿನಿಂದ ಪೋಸ್ಟ್‌ಕಾರ್ಡ್ ಕಳಿಸುವ ಯೋಜನೆಯನ್ನೂ ಮಾಡಿದ್ದರು. ಅಷ್ಟು ಹಣ ಹಾಕಿದ ಮೇಲೆ ಶಿಖರದ ಚಿತ್ರ ಕೈಯಲ್ಲಿಲ್ಲ. ಇಬ್ಬರು ಸತ್ತಿದ್ದಾರೆ. ಥಿಯೇಟರ್ ತುಂಬಿಸಬೇಕು. ಆಗ ಲಾಮಾಗಳು ವೇದಿಕೆಗೆ ಬರುತ್ತಾರೆ.

ಎಡಿಟ್_ಮೇಜು:

ಮೇಡಂ, ಇದು ಈಗಲೂ ಹಾಗೇ ಇದೆ. ದುಡ್ಡು ಹಾಕಿದವರು ಮೊದಲು ಕೇಳುವುದು ‘ಕ್ಲೈಮ್ಯಾಕ್ಸ್ ಎಲ್ಲಿ?’ ಅಂತ. ನಟರನ್ನು ತಂದು ಬೀಳಿಸುವುದು ಎಷ್ಟೋ ಸಲ ನಿರ್ದೇಶಕರ ಆಸೆಯಲ್ಲ, ಆ ಪ್ರಶ್ನೆಗೆ ಕೊಟ್ಟ ಉತ್ತರ.

ಹಳೇ_ರೀಲು:

ನನ್ನದು ಸ್ವಲ್ಪ ಹಳೇ ಕಾಲದ ಮಾತು. ಆಗ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಷನ್ ಚಿತ್ರ ಕಡ್ಡಾಯ. ಜನ ಆ ಹೊತ್ತಿಗೆ ಕಡ್ಲೆಕಾಯಿ ತರಲು ಹೊರಗೆ ಹೋಗುತ್ತಿದ್ದರು. ನಮ್ಮ ಪೀಳಿಗೆಯ ಎಷ್ಟೋ ಮಂದಿ ಹಿಮ ಅಂತ ಮೊದಲು ಕಂಡದ್ದು ಆ ಪರದೆಯ ಮೇಲೇ. 1965ರ ಭಾರತೀಯ ಯಾತ್ರೆಯ ಬಗ್ಗೆಯೂ ಅವರು ಚಿತ್ರ ಮಾಡಿದರು. ಕೊಹ್ಲಿ ನಾಯಕತ್ವದಲ್ಲಿ ಮೇ 20ರಿಂದ 29ರ ಒಳಗೆ 9 ಜನ ಶಿಖರ ಮುಟ್ಟಿದ ಯಾತ್ರೆ. ಮೊದಲ ಜೋಡಿ ಚೀಮಾ ಮತ್ತು ನವಾಂಗ್ ಗೊಂಬು. ಗೊಂಬು 1963ರಲ್ಲಿ ಅಮೆರಿಕನ್ನರ ಜೊತೆಗೂ ಹತ್ತಿದ್ದರು, ಎರಡು ಸಲ ಹತ್ತಿದ ಮೊದಲ ಮನುಷ್ಯ ಅವರೇ.

ಶಿಖರದ ಚಲನಚಿತ್ರ ಮೊದಲು ತೆಗೆದದ್ದೂ ಆ 1963ರ ಅಮೆರಿಕನ್ ತಂಡದವರೇ, ಲೂಟ್ ಜೆರ್‌ಸ್ಟಾಡ್. 1953ರಲ್ಲಿ ಹಿಲರಿ, ತೇನ್‌ಸಿಂಗ್ ತುದಿಯಲ್ಲಿದ್ದಾಗ ಇದ್ದದ್ದು ಫೋಟೋ ಕ್ಯಾಮೆರಾ ಮಾತ್ರ. ಆ ವರ್ಷದ ‘ದಿ ಕಾಂಕ್ವೆಸ್ಟ್ ಆಫ್ ಎವರೆಸ್ಟ್’ ಚಿತ್ರದಲ್ಲೂ ತುದಿ ಖಾಲಿಯೇ.

ಆದರೆ ಅದರಲ್ಲಿ ಒಂದು ದೃಶ್ಯ ಇದೆ. ಟಾಮ್ ಸ್ಟೋಬಾರ್ಟ್ ಕ್ಯಾಮೆರಾ ಹಿಡಿದು ಶಿಬಿರದ ಹತ್ತಿರ ಕಾಯುತ್ತಿದ್ದರು. ಮೇಲಿಂದ ಇಳಿದು ಬರುವವರು ಹತ್ತಿರ ಬರುವವರೆಗೂ ಗೆದ್ದೆವೋ ಸೋತೆವೋ ಅಂತ ಸನ್ನೆ ಮಾಡಬೇಡಿ ಅಂತ ಹೇಳಿ ಕಳಿಸಿದ್ದರು. ಕೆಳಗೆ ನಾಯಕ ಜಾನ್ ಹಂಟ್. ಬರುವವರು ಸುಸ್ತಾಗಿ ಕಾಲೆಳೆಯುತ್ತಿದ್ದಾರೆ, ಸನ್ನೆ ಇಲ್ಲ. ಸೋತರು ಅಂತ ಹಂಟ್ ಮನಸ್ಸು ಕುಸಿಯಿತು. ಆಮೇಲೆ ಜಾರ್ಜ್ ಲೋವ್ ಐಸ್ ಆಕ್ಸ್ ಎತ್ತಿ ತುದಿಯ ಕಡೆ ತೋರಿಸಿದರು. ಹಂಟ್ ಓಡಿ ಹೋಗಿ ಹಿಲರಿಯನ್ನೂ ತೇನ್‌ಸಿಂಗರನ್ನೂ ತಬ್ಬಿಕೊಂಡರು.

ಹಿಮದಾರಿ ಅವರೇ, ಇದನ್ನು ಏನನ್ನುತ್ತೀರಿ? ನಿಜವೋ ನಾಟಕವೋ?

ಹಿಮದಾರಿ:

ಹಂಟ್‌ಗೆ ಗೊತ್ತಿರಲಿಲ್ಲವಲ್ಲ ಸರ್. ಆ ಕುಸಿತವೂ ನಿಜ, ಆ ಓಟವೂ ನಿಜ. ಸ್ಟೋಬಾರ್ಟ್ ಸುದ್ದಿಯನ್ನು ಸ್ವಲ್ಪ ತಡಮಾಡಿದರು, ಸುಳ್ಳು ಸುದ್ದಿ ಹೇಳಲಿಲ್ಲ. ಆದರೂ ಆ ಮನುಷ್ಯನ ಮೇಲೆ ಅಷ್ಟು ಹೊತ್ತು ಅಂಥ ಭಾರ ಹೊರಿಸುವ ಹಕ್ಕು ಕ್ಯಾಮೆರಾಗೆ ಇದೆಯಾ ಅಂತ ಕೇಳಿದರೆ, ಇಲ್ಲ ಅಂತಲೇ ಹೇಳುತ್ತೇನೆ.

ಎಡಿಟ್_ಮೇಜು:

ನಾನು ಇದೆ ಅನ್ನುತ್ತೇನೆ. ಹಂಟ್ ತಾವೇ ಪುಸ್ತಕದಲ್ಲಿ ಈ ಕಥೆ ಬರೆದರು. ಮುಚ್ಚಿಡಲಿಲ್ಲ. ನೋಡುವವರಿಗೆ ಹೇಗೆ ತೆಗೆದರು ಅಂತ ಗೊತ್ತಾದರೆ ಸಾಕು.

ನೇತ್ರಾವತಿ_ತೀರ:

ಹೇಗೆ ತೆಗೆದರು ಅನ್ನುವುದು ಮಾತ್ರವಲ್ಲ, ಏನನ್ನು ತೆಗೆಯಬಾರದು ಅನ್ನುವುದೂ ಇದೆ. 1999ರ ಮೇ 1ರಂದು ಕಾನ್ರಾಡ್ ಆಂಕರ್‌ಗೆ ಮ್ಯಾಲೊರಿಯ ದೇಹ ಸಿಕ್ಕಿತು, ಸುಮಾರು 8,155 ಮೀಟರ್ ಎತ್ತರದಲ್ಲಿ. ಆ ಶೋಧಕ್ಕೂ ಸಾಕ್ಷ್ಯಚಿತ್ರಕ್ಕೂ ನಂಟಿತ್ತು. ದೇಹದ ಫೋಟೋ ಪತ್ರಿಕೆಗಳಿಗೆ ಮಾರಾಟವಾಯಿತು. ಹಿಲರಿ, ಬ್ರಿಟನ್ನಿನ ಬೊನಿಂಗ್ಟನ್ ಅಂಥ ಹೆಸರಾಂತ ಆರೋಹಿಗಳೇ ಅದನ್ನು ಖಂಡಿಸಿದರು. ಆ ಚಿತ್ರ ಈಗಲೂ ಹುಡುಕಿದರೆ ಸಿಗುತ್ತದೆ. ನಾನು ನೋಡಿದೆ, ನೋಡಬಾರದಿತ್ತು ಅನಿಸಿತು. ಬರಿ ಬೆನ್ನು, ಸುಣ್ಣದಷ್ಟು ಬೆಳ್ಳಗೆ. ಅವರ ಮಕ್ಕಳು ಆಗ ಬದುಕಿದ್ದರು.

ಅದೇ ಶೋಧದಲ್ಲಿ ಬಟ್ಟೆಯ ಮೇಲಿನ ಹೆಸರಿನ ಪಟ್ಟಿ ಸಿಕ್ಕಿತು, ಜೇಬಿನಲ್ಲಿ ಕನ್ನಡಕ ಸಿಕ್ಕಿತು. ಹಿಮದ ಕನ್ನಡಕ ಜೇಬಿನಲ್ಲಿ ಇದ್ದರೆ ಕತ್ತಲಾದ ಮೇಲೆ ಇಳಿಯುತ್ತಿದ್ದರು ಅಂತ ಊಹಿಸಬಹುದು. ಹೆಂಡತಿ ರೂತ್ ಅವರ ಫೋಟೋ ಶಿಖರದಲ್ಲಿಡುತ್ತೇನೆ ಅಂದಿದ್ದರಂತೆ, ಅದು ಸಿಗಲಿಲ್ಲ. ಈ ಎರಡನ್ನೂ ಸೇರಿಸಿ ಎಷ್ಟೋ ಚಿತ್ರಗಳು ‘ಹಾಗಾದರೆ ಮುಟ್ಟಿದ್ದರು’ ಎಂಬಂತೆ ಸಂಗೀತ ಏರಿಸಿಬಿಡುತ್ತವೆ. ಫೋಟೋ ಇಲ್ಲದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಹಿಮದಾರಿಯವರು ಹೇಳುವ ಖಾಲಿ ಜಾಗವನ್ನು ನಟರಿಲ್ಲದೆಯೂ ತುಂಬಬಹುದು, ಪಿಟೀಲು ಸಾಕು.

2024ರಲ್ಲಿ ಅರ್ವಿನ್ ಅವರದೆನ್ನಲಾದ ಕಾಲು, ಬೂಟಿನೊಳಗೆ, ‘ಎ.ಸಿ. ಅರ್ವಿನ್’ ಎಂದು ಹೊಲಿದ ಕಾಲುಚೀಲದ ಸಮೇತ ಸೆಂಟ್ರಲ್ ರೋಂಗ್‌ಬುಕ್ ಹಿಮನದಿಯಲ್ಲಿ ಸಿಕ್ಕಿತಲ್ಲ, ಅದನ್ನು ಕಂಡವರೂ ಜಿಮ್ಮಿ ಚಿನ್ ಅವರ ಸಾಕ್ಷ್ಯಚಿತ್ರ ತಂಡವೇ. ಈ ಬಾರಿ ಕುಟುಂಬಕ್ಕೆ ಮೊದಲು ತಿಳಿಸಿದರು. ಅರ್ವಿನ್‌ಗೆ ಬರೀ 22 ವರ್ಷ. ಸೊಮರ್‌ವೆಲ್ ಮ್ಯಾಲೊರಿಗೆ ಕೊಟ್ಟಿದ್ದ ಸಣ್ಣ ಕೊಡಕ್ ಕ್ಯಾಮೆರಾ ಮಾತ್ರ ಇನ್ನೂ ಸಿಕ್ಕಿಲ್ಲ.

ಕ್ಯಾಮೆರಾ_ಕಣ್ಣು:

ಕ್ಯಾಮೆರಾ ಹಿಡಿದವರ ಸಾವೂ ಇದೆ. 1975ರ ಸೆಪ್ಟೆಂಬರ್ 26. ಬೊನಿಂಗ್ಟನ್ ಅವರ ನೈರುತ್ಯ ಮುಖದ ಯಾತ್ರೆ. ಮಿಕ್ ಬರ್ಕ್ ಆರೋಹಿಯೂ ಹೌದು, ಬಿಬಿಸಿಗಾಗಿ ಚಿತ್ರೀಕರಿಸುತ್ತಿದ್ದವರೂ ಹೌದು. ಶಿಖರದಿಂದ ಇಳಿಯುತ್ತಿದ್ದ ಬೋರ್ಡ್‌ಮನ್ ಮತ್ತು ಪೆರ್ಟೆಂಬಾಗೆ ತುದಿಯ ಸಮೀಪ ಒಬ್ಬರೇ ಸಿಕ್ಕರು. ತುದಿಗೆ ಹೋಗಿ ಬರುತ್ತೇನೆ ಅಂದರು. ಇವರು ತುದಿಗಿಂತ ಸ್ವಲ್ಪ ಕೆಳಗಿರುವ ಸೌತ್ ಸಮಿಟ್‌ನಲ್ಲಿ ಗಾಳಿ, ಹಿಮದಲ್ಲಿ ಕಾದರು. ಬರ್ಕ್ ಬರಲಿಲ್ಲ. ಅವರ ಬಳಿ ಇದ್ದ ಫಿಲ್ಮೂ ಬರಲಿಲ್ಲ.

1996ರ ಮೇನಲ್ಲಿ ಡೇವಿಡ್ ಬ್ರೆಷರ್ಸ್ ಐಮ್ಯಾಕ್ಸ್ ಕ್ಯಾಮೆರಾ ಒಯ್ದಾಗ ಕ್ಯಾಮೆರಾ ಒಂದೇ ಸುಮಾರು 19 ಕೆಜಿ. ಒಂದು ರೀಲಿಗೆ 90 ಸೆಕೆಂಡು ಮಾತ್ರ. ಫಿಲ್ಮ್ ತುಂಬಲು ಗ್ಲೌಸ್ ತೆಗೆಯಬೇಕು, ಶಿಖರದಲ್ಲಿ ಕೂಡ. ಅದನ್ನು ಮೇಲಕ್ಕೆ ಹೊತ್ತವರು ಮತ್ತೆ ಶೆರ್ಪಾಗಳೇ.

ಹೊಸಬ:

ಎಲ್ಲರಿಗೂ ನಮಸ್ಕಾರ. ಓದುತ್ತಾ ಕೂತಿದ್ದೆ, ಈಗ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಾನು ಸಿನಿಮಾ ಕೋರ್ಸ್ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ 1924ರ ಪೋರ್ಟರ್‌ಗಳ ಬಗ್ಗೆ 15 ನಿಮಿಷದ ಚಿತ್ರ ಮಾಡಬೇಕು ಅಂತಿದೆ. ಅಲ್ಲಿಗೆ ಹೋಗಲು ದುಡ್ಡಿಲ್ಲ. ನೋಯೆಲ್ ಅವರ ಫುಟೇಜ್ ಬಳಸಬಹುದಾ? ಮತ್ತೆ, ಯಾವ ಮುಖ ಯಾರದು ಅಂತ ಗೊತ್ತಾಗುವುದಿಲ್ಲವಲ್ಲ, ಆಗ ಏನು ಮಾಡಬೇಕು? ದಯವಿಟ್ಟು ಹೇಳಿ.

ಎಡಿಟ್_ಮೇಜು:

ಮೊದಲು ಹಕ್ಕಿನ ವಿಷಯ. ನಮ್ಮ 1957ರ ಕಾಯ್ದೆ ಪ್ರಕಾರ ಸಿನಿಮಾಕ್ಕೆ ಪ್ರಕಟಣೆಯಾದ ಮೇಲೆ 60 ವರ್ಷ ರಕ್ಷಣೆ. ಆದರೆ ಬ್ರಿಟನ್‌ನ ಲೆಕ್ಕ ಬೇರೆ, ಅಲ್ಲಿ ಚಿತ್ರ ಮಾಡಿದವರು ತೀರಿಕೊಂಡ ನಂತರ 70 ವರ್ಷ ಎಣಿಸುತ್ತಾರೆ. ನೋಯೆಲ್ ತೀರಿಕೊಂಡದ್ದು 1989ರಲ್ಲಿ. ದುರಸ್ತಿ ಪ್ರತಿಗೆ ಸೈಮನ್ ಫಿಶರ್ ಟರ್ನರ್ ಮಾಡಿದ ಸಂಗೀತ ಹೊಸದು, ಅದನ್ನು ಮುಟ್ಟಬೇಡಿ. ನಿಮ್ಮ ಚಿತ್ರ ಇಂಟರ್‌ನೆಟ್‌ಗೆ ಹೋದರೆ ಎಲ್ಲ ದೇಶದಲ್ಲೂ ಕಾಣುತ್ತದೆ. ಹಾಗಾಗಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಇಮೇಲ್ ಬರೆದು ವಿದ್ಯಾರ್ಥಿ ಚಿತ್ರ ಅಂತ ತಿಳಿಸಿ ಅನುಮತಿ ಕೇಳಿ. ಕಾಲೇಜಿನ ಲೆಟರ್‌ಹೆಡ್ ಇದ್ದರೆ ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ. ಮೂಕಿ ಚಿತ್ರವನ್ನು ಈಗಿನ ಟೈಮ್‌ಲೈನಿಗೆ ಸುಮ್ನೆ ಎಳೆದು ಹಾಕಿದರೆ ಜನ ಪಟಪಟ ಓಡಿದ ಹಾಗೆ ಕಾಣುತ್ತದೆ. ನಡಿಗೆ ಸಹಜವಾಗುವ ವೇಗ ಹುಡುಕಿ ಕೂರಿಸಿ. ಹೊರೆ ಹೊತ್ತವರ ನಡಿಗೆ ಓಟದ ಹಾಗೆ ಕಂಡರೆ ಅವರ ಕಷ್ಟವೇ ಮಾಯವಾಗುತ್ತದೆ, ನೋಡಿದವರು ನಗುತ್ತಾರೆ.

ಸಹ್ಯಾದ್ರಿ_ಅಲೆಮಾರಿ:

ತಮ್ಮಾ, ಒಳ್ಳೆ ವಿಷಯ ಆರಿಸಿದ್ದೀಯ. ಒಂದೇ ಮಾತು ಹೇಳುತ್ತೇನೆ. ಗುರುತಿಲ್ಲದ ಮುಖದ ಕೆಳಗೆ ಯಾವ ಹೆಸರನ್ನೂ ಹಾಕಬೇಡ. ಲಾಕ್ಪಾ ಚೇದಿ ಅಂತ ಹೇಳುವಾಗ ಬೇರೆ ಯಾರದೋ ಮುಖ ತೋರಿಸಿದರೆ ಇಬ್ಬರಿಗೂ ಅನ್ಯಾಯ. ಆ ಅನುಮಾನ ಇದ್ದರೆ ಹೆಸರು ಓದುವಾಗ ಬರೀ ದಾರಿ ತೋರಿಸು, ಹಿಮದಲ್ಲಿ ಹೆಜ್ಜೆ ತೋರಿಸು. ಮುಖ ತೋರಿಸುವಾಗ ‘ಹೆಸರು ದಾಖಲಾಗಿಲ್ಲ’ ಅಂತ ಹಾಕು. 15 ನಿಮಿಷದಲ್ಲಿ ಹತ್ತು ಸಲ ಆ ಬರಹ ಬಂದರೆ ಬರಲಿ.

ಮತ್ತೆ ಡಾರ್ಜಿಲಿಂಗ್‌ಗೆ ಹೋಗುವುದು ಅಷ್ಟು ದುಬಾರಿ ಅಲ್ಲ. ಸ್ಲೀಪರ್ ಟಿಕೆಟ್ ತೆಗೆದು ನ್ಯೂ ಜಲ್‌ಪೈಗುರಿಗೆ ಇಳಿದು ಶೇರ್ ಜೀಪ್ ಹಿಡಿ. ಆ ಪೋರ್ಟರ್‌ಗಳಲ್ಲಿ ಎಷ್ಟೋ ಜನರನ್ನು ಕೂಲಿಗೆ ಹಿಡಿದದ್ದು ಅಲ್ಲಿಂದಲೇ. ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್‌ನ ಮ್ಯೂಸಿಯಂ ನೋಡು. ಆ ಮೇಲೆ ತೂಂಗ್ ಸೂಂಗ್ ಬಸ್ತಿಗೆ ಹೋಗು, ಶೆರ್ಪಾ ಮನೆಗಳು ಇದ್ದ ಕೇರಿ ಅದು, ತೇನ್‌ಸಿಂಗ್ ಕೂಡ ಅಲ್ಲೇ ಇದ್ದವರು. ಹೋದ ಕೂಡಲೇ ಕ್ಯಾಮೆರಾ ತೆಗೆಯಬೇಡ. ಚಹಾ ಕುಡಿ, ಹಿರಿಯರ ಜೊತೆ ಮಾತಾಡು.

ಹೊಸಬ:

ತುಂಬಾ ಧನ್ಯವಾದ ಅಣ್ಣ, ಸರ್. ಇಮೇಲ್ ಇವತ್ತೇ ಬರೆಯುತ್ತೇನೆ. ಒಂದು ಅನುಮಾನ. 1922ರ ಏಳು ಜನರನ್ನೂ ಸೇರಿಸಲಾ, ಅಥವಾ 1924ಕ್ಕೇ ನಿಲ್ಲಿಸಲಾ?

ಹಿಮದಾರಿ:

ಸೇರಿಸಿ. ನಾರ್ತ್ ಕೋಲ್ ದಾರಿ ಹತ್ತುವಾಗ 1924ರ ಪೋರ್ಟರ್‌ಗಳಿಗೆ ಆ ಏಳು ಜನ ಗೊತ್ತಿದ್ದರು, ಕೆಲವರು ನೆಂಟರೂ ಆಗಿರಬಹುದು. ಅದನ್ನು ತಿಳಿಯದೆ ಅವರ ಭಯ ಅರ್ಥವಾಗುವುದಿಲ್ಲ. ಕೋಲ್ ಮೇಲೆ ನಾಲ್ವರು ಪೋರ್ಟರ್‌ಗಳು ಸಿಕ್ಕಿಹಾಕಿಕೊಂಡಾಗ ನಾರ್ಟನ್, ಮ್ಯಾಲೊರಿ, ಸೊಮರ್‌ವೆಲ್ ಮೂವರೂ ಶಿಖರದ ಆಸೆ ಬದಿಗಿಟ್ಟು ಅವರನ್ನು ಇಳಿಸಲು ಹೋದದ್ದೂ 1922 ನೆನಪಿದ್ದರಿಂದಲೇ ಅಂತ ನನ್ನ ನಂಬಿಕೆ. ಸೊಮರ್‌ವೆಲ್ ಹಗ್ಗದ ಉದ್ದ ಮುಗಿಯುವವರೆಗೂ ಹೋದರು, ಆದರೂ ಸ್ವಲ್ಪ ದೂರ ಉಳಿಯಿತು. ಇಬ್ಬರು ಜಾರಿದರು. ಸೊಂಟದ ಹಗ್ಗ ಬಿಚ್ಚಿ ಐಸ್ ಆಕ್ಸ್‌ಗೆ ಸುತ್ತಿ, ಅದರ ತುದಿ ಹಿಡಿದು ಕೈ ಚಾಚಿ ಒಬ್ಬೊಬ್ಬರನ್ನೇ ಎಳೆದುಕೊಂಡರು. ನಿಮ್ಮ 15 ನಿಮಿಷದಲ್ಲಿ 3 ನಿಮಿಷ ಇದಕ್ಕೇ ಇಡಿ. ನಟರು ಬೇಡ. ಸೊಮರ್‌ವೆಲ್ ಬರೆದದ್ದು ಇದೆ, ನಾರ್ಟನ್ ಬರೆದದ್ದು ಇದೆ, ಯಾರಾದರೂ ಒಳ್ಳೆಯ ದನಿಯವರಿಂದ ಕನ್ನಡದಲ್ಲಿ ಓದಿಸಿ. ಓದುವವರು ಬೇಕಿದ್ದರೆ ಹೇಳಿ, ಹಳೇ_ರೀಲು ಸರ್ ಆಕಾಶವಾಣಿಯಲ್ಲಿದ್ದವರು.

ಹಳೇ_ರೀಲು:

ಓದುತ್ತೇನೆ ಮಗು. ಸ್ಕ್ರಿಪ್ಟ್ ಕಳಿಸು, ಹೆಸರುಗಳನ್ನು ಟಿಬೆಟಿನವರು ಹೇಗೆ ಹೇಳುತ್ತಾರೋ ಕೇಳಿಕೊಂಡು ಬಾ. ಅದು ಸರಿಯಾದ ಮೇಲೆ ರೆಕಾರ್ಡ್ ಮಾಡೋಣ.